ಅಂಟು ಒಣಗುವ ತನಕ

ಬೈಂಡರ್‌ಗೆ ಮೂಗಿನ ತುದಿಯಲ್ಲೇ ಕೋಪ. ಅದರಲ್ಲೂ ಪುಸ್ತಕ ಓದೋ ಯಂತ್ರದ ಮಾತೆತ್ತಿದರೆ ಮುಗಿದೇ ಹೋಯಿತು. ಇರಬೇಡವೇ, ಪಾಪ! ಹರಿದ ಪುಸ್ತಕಗಳನ್ನು ಮೂಟೆಗಟ್ಟಲೆ ಕಳಿಸುತ್ತಿದ್ದ ಗ್ರಂಥಾಲಯ ಈಗ ಒಂದನ್ನೂ ಕಳಿಸುತ್ತಿರಲಿಲ್ಲ. ಎಲ್ಲಾ ಪರದೆ ಮೇಲೇ ಸಿಗುವಾಗ ಹೊಲಿಸೋದು ಯಾಕೆ ಅಂತ ಅಲ್ಲಿಯವರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಅವನು ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂತಿದ್ದ. ಅಂಥ ಹೊತ್ತಿನಲ್ಲಿ ಹೆಂಡತಿಯ ತಂಗಿ ಅದೇ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಅವನ ಮನೆಗೇ ಬಂದಳು.

ಅವಳದ್ದೂ ತಪ್ಪಲ್ಲ. ಅಕ್ಕ ಹಾಸಿಗೆ ಹಿಡಿದಿದ್ದಳು. ಇನ್ನು ಹೆಚ್ಚು ದಿನ ಇಲ್ಲ ಅಂತ ಡಾಕ್ಟರು ಹೇಳಿಯಾಗಿತ್ತು, ಅದು ಅಕ್ಕನಿಗೂ ಗೊತ್ತಿತ್ತು. ಅವಳಿಗೆ ಬೇರೇನೂ ಬೇಡ, ಒಂದು ಕಾದಂಬರಿ ಮುಗಿಸಬೇಕಿತ್ತು. ಮದುವೆಗೆ ಮುಂಚೆ ಯಾರದ್ದೋ ಪ್ರತಿ ತಂದು ಅರ್ಧ ಓದಿದ್ದಳು, ಅಷ್ಟರಲ್ಲಿ ಅವರು ವಾಪಸ್ ಇಸಕೊಂಡಿದ್ದರು. ಮಗುವನ್ನು ಬಿಟ್ಟು ಹಡಗು ಹತ್ತಿದ ಹೆಂಗಸು ಆಮೇಲೆ ಮಗುವಿನ ಮುಖ ನೋಡಿದಳೋ ಇಲ್ಲವೋ, ಇಷ್ಟು ವರ್ಷ ಅದೊಂದು ಅವಳ ತಲೆ ಕೊರೆಯುತ್ತಿತ್ತು. ಬೈಂಡರೇ ಎಲ್ಲೆಲ್ಲೋ ಅಲೆದು ಹಳೇ ಪ್ರತಿ ತಂದುಕೊಟ್ಟ. ದಿಂಬಿನಷ್ಟು ದಪ್ಪ. ಎತ್ತಿ ಹಿಡಿಯೋಕೆ ಅವಳ ಕೈಯಲ್ಲಿ ತ್ರಾಣವಿಲ್ಲ, ಎದೆ ಮೇಲಿಟ್ಟುಕೊಂಡರೆ ಉಸಿರು ಕಟ್ಟುತ್ತದೆ. ಸರಿ, ತಾನೇ ಓದಿ ಹೇಳೋಕೆ ಕೂತ. ಕರೆಂಟ್ ಬಿಲ್ಲು ಓದಿದ ಹಾಗಿತ್ತು. ಅವಳು ನಗಲಾರದೆ ನಕ್ಕು, ಸಾಕು ಬಿಡಿ, ಬೇರೆ ಯಾರ ಗಂಟಲಲ್ಲೂ ಕಥೆ ನನಗೆ ಹತ್ತೋದಿಲ್ಲ ಅಂದಳು.

ತಂಗಿ ಯಂತ್ರವನ್ನು ಅಕ್ಕನ ಅಂಗೈ ಮೇಲಿಟ್ಟಳು. ಅಕ್ಷರ ದೊಡ್ಡದು ಮಾಡಬಹುದು, ಬೆರಳು ತಾಗಿಸಿದರೆ ಸಾಕು ಪುಟ ತಿರುಗುತ್ತದೆ, ತೂಕವೇ ಇಲ್ಲ. ಅಕ್ಕನ ಮುಖ ಅರಳಿತು. ಬಾಗಿಲಲ್ಲಿ ನಿಂತಿದ್ದ ಬೈಂಡರ್ ಅದನ್ನು ನೋಡಿದ. ನೋಡಿಯೂ ಕರಗಲಿಲ್ಲ, ಎಂಥಾ ಮನುಷ್ಯನಪ್ಪಾ!

"ನನ್ನ ಅನ್ನ ಕಿತ್ತುಕೊಂಡಿದ್ದನ್ನ ನನ್ನ ಮನೆಗೇ ತಂದೆಯಾ?" ಅಂದ. "ಅವಳು ಹಿಡಿಯೋ ಹಾಗೆ ಪುಸ್ತಕ ಮಾಡಿಕೊಡೋಕೆ ನನಗೆ ಬರತ್ತೆ."

ತಂಗಿ ಜಗಳಕ್ಕೇ ನಿಂತಳು. ಅಕ್ಕ ಗಂಡನ ಮುಖ ನೋಡಿ, ಯಂತ್ರವನ್ನು ತಂಗಿಯ ಕಡೆ ಚಾಚಿದಳು. "ತಗೊಂಡು ಹೋಗು ಪುಟ್ಟಿ. ಅವರೇ ಮಾಡ್ಕೊಡ್ತಾರಂತೆ."

ಅವನಿಗೆ ಗೆದ್ದ ಹಾಗಾಯಿತು.

ಮಾಡಿದ, ಸುಳ್ಳು ಹೇಳಬಾರದು. ದಾರ ಕತ್ತರಿಸಿ ಪುಸ್ತಕ ಬಿಚ್ಚಿ, ಅವಳು ಓದದೆ ಉಳಿದಿದ್ದ ಅರ್ಧವನ್ನು ತೆಳ್ಳನೆಯ ಭಾಗಗಳಾಗಿ ವಿಂಗಡಿಸಿದ. ಒಂದೊಂದನ್ನೂ ಬೇರೆ ಹೊಲಿದು, ಅಂಟು ಹಚ್ಚಿ, ತೆಳು ರಟ್ಟಿಗೆ ಬಟ್ಟೆ ಹೊದಿಸಿ, ಭಾರದ ಕೆಳಗಿಟ್ಟು ಒಣಗಿಸಿದ. ಮೊದಲನೆಯದನ್ನು ಅವಳು ಮಲಗಿಕೊಂಡೇ ಎರಡು ಬೆರಳಲ್ಲಿ ಹಿಡಿದು ಓದಿದಳು. ಪುಟ ಮಗುಚುವ ಸದ್ದು ಕೇಳುತ್ತಾ ಅವನು ಪಕ್ಕದಲ್ಲೇ ಕೂತಿದ್ದ. ಅಷ್ಟು ಸಂತೋಷ ಅವನಿಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಆದರೆ ಅವಳು ಒಂದನ್ನು ಬೆಳಿಗ್ಗೆಯೇ ಮುಗಿಸಿಬಿಡುತ್ತಿದ್ದಳು, ಇನ್ನೊಂದು ಬರೋಕೆ ನಾಳೆಯೋ ನಾಡಿದ್ದೋ. ಅಲ್ಲಿಯವರೆಗೆ ಗೋಡೆ ನೋಡಿಕೊಂಡು ಮಲಗಿರಬೇಕು. ರೀ, ಸುಮ್ಮನೆ ಪಿನ್ನು ಹೊಡೆದು ಕೊಟ್ಟರೂ ನಡೆಯತ್ತೆ ಅಂತ ಒಮ್ಮೆ ಮೆಲ್ಲಗೆ ಅಂದಳು. ನಾನೇನು ಪಿನ್ನು ಹೊಡೆಯೋನಾ, ಇಷ್ಟು ವರ್ಷ ನನ್ನ ಕೆಲಸ ನೋಡಿ ಇದೇನಾ ನೀನು ತಿಳಕೊಂಡಿದ್ದು ಅಂತ ಅವನು ಹಾರಾಡಿದ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಅವಳ ಉಸಿರಾಟ ದಿನದಿನಕ್ಕೆ ಕಷ್ಟವಾಗುತ್ತಿದ್ದುದು ಅವನ ಕಣ್ಣಿಗೂ ಬೀಳುತ್ತಿತ್ತು. ಆದರೂ ಹೊಲಿಗೆಯಲ್ಲಿ ಒಂದು ಎಳೆಯನ್ನೂ ಕಮ್ಮಿ ಮಾಡಲಿಲ್ಲ.

ಕೊನೆಯ ಭಾಗಕ್ಕೆ ಅವಳಿಗಿಷ್ಟವಾದ ಕೆಂಪು ಬಟ್ಟೆ ಹುಡುಕಿ ಹೊದಿಸಿದ. ಮಾರನೆಯ ದಿನ ಬೆಳಿಗ್ಗೆ ಅವಳು ಕಣ್ಣು ಬಿಟ್ಟದ್ದೇ ಕೊನೇದು ಬಂತಾ ಅಂತ ಕೇಳಿದಳು.

"ಅಂಟು ಒಣಗಬೇಕು ಕಣೇ. ಸಂಜೆ ಹೊತ್ತಿಗೆ ತರ್ತೀನಿ."

"ಹೂಂ," ಅಂದಳು.

ಮಧ್ಯಾಹ್ನ ತಂಗಿ ಬಂದಳು. ಅಕ್ಕನ ಉಸಿರು ನೋಡಿ ಭಾವನ ಕಡೆ ತಿರುಗಿದಳು. ಆಗ ಅವನಿಗೆ ಅರ್ಥವಾಯಿತು. ಚಪ್ಪಲಿಯನ್ನೂ ಮೆಟ್ಟದೆ ಅಂಗಡಿಗೆ ಓಡಿದ. ಭಾರ ಎತ್ತಿ, ಹಸಿ ರಟ್ಟನ್ನು ಕೈಯಲ್ಲಿ ಹಿಡಿದು ಎದ್ದೆನೋ ಬಿದ್ದೆನೋ ಅಂತ ವಾಪಸ್ ಬಂದ. ತಂಗಿ ಇನ್ನಿಲ್ಲ ಅನ್ನೋ ಹಾಗೆ ತಲೆ ಆಡಿಸಿದಳು. ಅವನು ಆದರೂ ಪುಸ್ತಕ ಬಿಡಿಸಿ ಹೆಂಡತಿಯ ಮುಖದ ಮುಂದೆ ಹಿಡಿದೇ ಇದ್ದ, ಆಮೇಲೆ ಯಾರೋ ಬಂದು ಬಿಡಿಸಿಕೊಂಡರು.

ಎಲ್ಲಾ ಮುಗಿದು, ಬಂದವರೆಲ್ಲ ಹೋದ ಮೇಲೆ, ಅಡುಗೆಮನೆಯಲ್ಲಿ ಅವರಿಬ್ಬರೇ ಉಳಿದರು. ತಂಗಿ ಪಾತ್ರೆ ತೊಳೆಯುತ್ತಿದ್ದಳು. ಆ ಕಾದಂಬರಿ ನಿನ್ನ ಯಂತ್ರದಲ್ಲಿ ಸಿಗುತ್ತಿತ್ತಾ ಅಂತ ಅವನು ಕೇಳಿದ.

ಮೊದಲ ದಿನವೇ ಪೂರ್ತಿ ಹಾಕಿಕೊಂಡು ಬಂದಿದ್ದೆ ಅಂದಳು. ಆಮೇಲೆ ನಲ್ಲಿ ನಿಲ್ಲಿಸಿದಳು.

"ಅವತ್ತೂ ಚೀಲದಲ್ಲಿತ್ತು ಭಾವ. ನೀವು ಅಂಗಡಿಗೆ ಓಡಿದಿರಲ್ಲ, ಆಗ ಕೊನೇ ಪುಟ ತೆರೆದು ಅಕ್ಕನ ಮುಂದೆ ಹಿಡಿದೆ. ಆಗ ಅವಳಿಗೆ ಚೆನ್ನಾಗೇ ಜ್ಞಾನ ಇತ್ತು."

"ಓದಿದಳಾ?"

"ಇಲ್ಲ. ಒಳಗಿಡೇ ಪುಟ್ಟಿ, ಅವರು ಬಂದುಬಿಟ್ರೆ ಬೈತಾರೆ ಅಂದ್ಲು."

ನಾನ್ಯಾವತ್ತು ಬೈದಿದ್ದೆ ಅನ್ನೋಕೆ ಬೈಂಡರ್ ಬಾಯಿ ತೆರೆದ. ಹಾಗೇ ಮುಚ್ಚಿಕೊಂಡ.