ಬೆಲ್ಲನಿಗೆ ತಂದ ಹುತ್ತದ ಮಣ್ಣು

ಚಂದ್ರಯ್ಯನವರು ಸಾಮಾನ್ಯರಲ್ಲ. ಚನ್ನರಾಯಪಟ್ಟಣದ ತಮ್ಮ ಮಂಡಿಯಲ್ಲಿ ತೆಂಗಿನಕಾಯಿ ತಟ್ಟಿ ನೋಡಿಯೇ ಅದರ ಜಾತಕ ಹೇಳುವವರು. ಅಂಥವರು ಮಗಳ ಹಾವಿನ ವಿಷಯದಲ್ಲಿ ಎಡವಿಬಿಟ್ಟರು, ಅದೂ ಭಕ್ತಿಯಿಂದ.

ಮಗಳು ತೇಜಶ್ರೀ ಸಾಕಿರುವುದು ಬಾಲ್ ಪೈಥಾನ್. ವಿಷವಿಲ್ಲದ, ಪರದೇಶದ ಹೆಬ್ಬಾವಿನ ಜಾತಿ. ಸರ್ಕಾರದಲ್ಲಿ ನೋಂದಣಿಯೂ ಆಗಿದೆ. ಬಣ್ಣ ನೋಡಿ ಬೆಲ್ಲ ಎಂದು ಹೆಸರಿಟ್ಟಿದ್ದಾಳೆ. ಗಾಜಿನ ಪೆಟ್ಟಿಗೆಯಲ್ಲಿ ಅದು ಬರೀ ಕಾಗದದ ಮೇಲೆ ಮಲಗಿದ್ದು ಕಂಡು ಚಂದ್ರಯ್ಯನವರ ಕರುಳು ಚುರಕ್ಕೆಂದಿತು. ನುಗ್ಗೇಹಳ್ಳಿಯ ತೋಟಕ್ಕೆ ಹೋಗಿ, ಮನೆಯವರೆಲ್ಲ ತನಿ ಎರೆಯುವ ಹುತ್ತಕ್ಕೆ ಕೈಮುಗಿದು ಅಪ್ಪಣೆ ಬೇಡಿ, ಬುಟ್ಟಿ ತುಂಬ ಮಣ್ಣು ತಂದು ಪೆಟ್ಟಿಗೆಗೆ ಸುರಿದರು.

"ಆವಿಗೆ ಹುತ್ತ ಬುಟ್ಟು ಇನ್ನೇನವ್ವ ಬೇಕು?" ಎಂದರು. ಅಪ್ಪನ ಮುಖ ನೋಡಿ ತೇಜಶ್ರೀಗೆ ಬೇಡವೆನ್ನಲು ಬಾಯಿ ಬರಲಿಲ್ಲ.

ಆ ಮಣ್ಣೋ, ನೀರು ಚಿಮುಕಿಸಿದರೆ ಕೆಸರು, ಒಣಗಿದರೆ ಇಟ್ಟಿಗೆ. ತೇವ ನಿಲ್ಲದೆ ಬೆಲ್ಲನ ಪೊರೆ ಚೂರುಚೂರಾಗಿ ಹರಿದು, ಕಣ್ಣಿನ ಮೇಲಿನದು ಅಲ್ಲೇ ಅಂಟಿಕೊಂಡಿತು. ಹಾಸನದ ಡಾಕ್ಟರು ನಾಜೂಕಾಗಿ ಬಿಡಿಸಿ, ಇನ್ನೊಮ್ಮೆ ಹೀಗಾದರೆ ಕಣ್ಣೇ ಹೋಗಬಹುದು ಎಂದರು. ತೇಜಶ್ರೀ ಅಪ್ಪನನ್ನು ಬೈಯಲಿಲ್ಲ; ಆದರೆ ಅವರು ಪೆಟ್ಟಿಗೆಯ ಹತ್ತಿರ ಬಂದಾಗಲೆಲ್ಲ ಅಡ್ಡ ನಿಲ್ಲತೊಡಗಿದಳು. ಚಂದ್ರಯ್ಯನವರಿಗೆ ಅದು ಬೈಗುಳಕ್ಕಿಂತ ಹೆಚ್ಚು ನೋಯಿತು.

ದೇವರ ಮಣ್ಣನ್ನು ಕಸಕ್ಕೆ ಹಾಕುವಂತಿಲ್ಲವಲ್ಲ. ವಾಪಸು ಹುತ್ತಕ್ಕೇ ಒಪ್ಪಿಸಲು ಅಪ್ಪ ಮಗಳು ತೋಟಕ್ಕೆ ಹೋದರು. ತಿರುಗಿ ಬರುವಾಗ ತೇಜಶ್ರೀ ಹಳೆಯ ತೆಂಗಿನಕಾಯಿ ಮಟ್ಟೆಯ ರಾಶಿಯ ಬಳಿ ಕೂತುಬಿಟ್ಟಳು. ಮೇಲೆ ಬಿರುಬಿಸಿಲಿದ್ದರೂ, ಕೆದಕಿದರೆ ಒಳಗಿನ ನಾರುಪುಡಿ ತಣ್ಣಗಿತ್ತು.

"ಅಪ್ಪಾಜಿ, ಆನ್‌ಲೈನಲ್ಲಿ ಇದನ್ನೇ ಉಡುಕ್ತಿದ್ದೆ. ನಮ್ ತ್ವಾಟದಲ್ಲೇ ಬಿದ್ದದೆ."

"ಇದು ಕಸ ಕಣವ್ವ."

"ತೇವ ಇಡ್ಕೊಳ್ತದೆ. ಬೆಲ್ಲಂಗೆ ಬೇಕಾಗಿರೋದು ಅದೇ."

ಕೆಂಪು ನೀರು ಬಿಡುವುದು ನಿಲ್ಲುವವರೆಗೂ ಪುಡಿಯನ್ನು ತೊಳೆದರು, ಹುಳುಹುಪ್ಪಟೆ ಇರದಂತೆ ಬಿಸಿಲಿಗೆ ಹರವಿದರು. ಆಮೇಲೆ ನೀರು ಚಿಮುಕಿಸಿ ಹದ ನೋಡಿದರು: ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ತೇವ ಹೆಚ್ಚಾದರೆ ಹಾವಿನ ಹೊಟ್ಟೆಯ ಚರ್ಮ ಹುಣ್ಣಾಗುತ್ತದೆ. ಹದ ಬಂದಿಲ್ಲವೆಂದು ತೇಜಶ್ರೀ ಹೇಳಿದಾಗಲೆಲ್ಲ ಚಂದ್ರಯ್ಯನವರು ಮತ್ತೆ ಹರವಿದರು. ಮಂಡಿಯಲ್ಲಿ ಯಾರ ಮಾತನ್ನೂ ಕೇಳದವರು ಇಲ್ಲಿ ಮಗಳು ಹೇಳಿದಂತೆ ಕೇಳಿದರು.

ಪುಡಿಯನ್ನು ಪೆಟ್ಟಿಗೆಗೆ ಹಾಸಿ ಕೆಲವು ವಾರ ಕಳೆದ ಮೇಲೆ ಬೆಲ್ಲನ ಕಣ್ಣು ಮತ್ತೆ ಮಂಜಾಯಿತು. ಪೊರೆ ಬಿಡುವ ಸೂಚನೆ ಅದು. ಚಂದ್ರಯ್ಯನವರು ಮಂಡಿಯಲ್ಲಿ ಕೂತರೂ ಜೀವವೆಲ್ಲ ಮನೆಯಲ್ಲೇ ಇತ್ತು.

ಒಂದು ಬೆಳಿಗ್ಗೆ ತೇಜಶ್ರೀ ಕೂಗಿದಳು. ಪೊರೆ ಕಾಲುಚೀಲದಂತೆ ಕಳಚಿ, ಮೂತಿಯಿಂದ ಬಾಲದವರೆಗೆ ಒಂದೇ ತುಂಡಾಗಿ ಬಿದ್ದಿತ್ತು. ಬೆಳಕಿಗೆ ಹಿಡಿದು ನೋಡಿದರೆ ಕಣ್ಣಿನ ಪೊರೆಗಳೂ ಅದರಲ್ಲೇ ಇದ್ದವು. ಚಂದ್ರಯ್ಯನವರ ಎದೆ ಉಬ್ಬಿತು, ಕಣ್ಣೂ ಒದ್ದೆಯಾಯಿತು.

"ಕೈ ಚಾಚಿ ಅಪ್ಪಾಜಿ," ಎಂದು ತೇಜಶ್ರೀ ಬೆಲ್ಲನನ್ನು ಅವರ ಅಂಗೈಗೆ ಇಳಿಸಿದಳು. ಹುಟ್ಟಿದಾಗಿನಿಂದ ಹಾವಿಗೆ ಕೈಮುಗಿದವರೇ ಹೊರತು ಮುಟ್ಟಿದವರಲ್ಲ. ಈಗ ಎರಡೂ ಕೈ ಬೊಗಸೆ ಮಾಡಿ ಕೂತರು.

ಮಂಡಿಯ ಪಾಲುದಾರ ಸಿದ್ದೇಶ ಬಾಗಿಲಲ್ಲಿ ನಿಂತು, "ಒತ್ತಾಯ್ತು ಕಣಣ್ಣ, ಲಾರಿ ಬಂದದೆ," ಎಂದ.

"ನೀ ಓಗು ಸಿದ್ದೇಶ," ಎಂದರು ಚಂದ್ರಯ್ಯನವರು ಕದಲದೆ. "ನನ್ ಮಗಳು ನನ್ನ ನಂಬಿ ಇವನ್ನ ಕೈಗೆ ಕೊಟ್ಟವಳೆ."