ಏಳನೇ ಫೋಟೋ

“ದೊಡ್ಡವಳು ಒಳಗೆ ಹೋಗಿ ನೋಡ್ಕೊಂಡು ಬರ್ಲಿ. ಅವಳು ಹೂಂ ಅನ್ನೋವರೆಗೂ ಯಾರೂ ಚೀಲ ಇಳಿಸ್ಬೇಡಿ,” ಎಂದರು ಅತ್ತೆ, ವ್ಯಾನಿನ ಮುಂದಿನ ಸೀಟಿನಲ್ಲಿ ನೋಯುವ ಮಂಡಿಯನ್ನು ನೀವಿಕೊಳ್ಳುತ್ತ.

ಹನ್ನೊಂದು ವರ್ಷಗಳಿಂದ ಪ್ರತಿ ಬೇಸಿಗೆ ರಜೆಯಲ್ಲೂ ಹೇಳುತ್ತ ಬಂದ ಮಾತು ಅದು. ಕೇಳಿದರೆ ಸಾಕು, ದೊಡ್ಡ ಸೊಸೆಗೆ ತಾನು ಒಂದು ಗೇಣು ಎತ್ತರವಾದಂತೆ ಅನಿಸುತ್ತಿತ್ತು. ಅವಳು ಟೈಲರ್, ಕಣ್ಣಳತೆಯಲ್ಲೇ ಎದೆಸುತ್ತು ಹೇಳುವವಳು. ಯಾವ ಊರಿಗೆ ಹೋದರೂ ಮನೆಮಂದಿಯೆಲ್ಲ ವ್ಯಾನಿನಲ್ಲೇ ಕೂತಿರಬೇಕು, ಅವಳೊಬ್ಬಳು ಲಾಡ್ಜಿನ ಒಳಗೆ ಹೋಗಿ ನಲ್ಲಿ ತಿರುಗಿಸಿ, ಹಾಸಿಗೆ ಒತ್ತಿ, ದಿಂಬು ಮೂಸಿ, ಕಿಟಕಿಯ ಚಿಲಕ ಎಳೆದು ನೋಡಿ ಬರಬೇಕು. ಮೂಗು ಮುರಿದಳೆಂದರೆ ವ್ಯಾನು ಮುಂದಿನ ಲಾಡ್ಜಿಗೆ. ಒಂದು ವರ್ಷ ಐದನೇ ಲಾಡ್ಜಿನವರೆಗೂ ಅಲೆಸಿದ್ದಳು. ಹಸಿದ ಗಂಡ ಗೊಣಗಿದಾಗ ಅತ್ತೆಯೇ ಅವನ ಬಾಯಿ ಮುಚ್ಚಿಸಿದ್ದರು.

ಈ ಸಲ ಅವಳು ಸೀಟು ಬಿಟ್ಟು ಏಳಲಿಲ್ಲ. “ಆಗ್ಲೇ ಬುಕ್ ಆಗಿರೋದನ್ನ ನೋಡೋದೇನಿದೆ ಅತ್ತೆ? ಇಳೀರಿ,” ಎಂದಳು.

ಬುಕ್ ಮಾಡಿದವಳು ಚಿಕ್ಕ ಸೊಸೆ. ಮದುವೆಯಾಗಿ ಎರಡು ವರ್ಷ. ಕನ್ನಡಕದ ಅಂಗಡಿಯಲ್ಲಿ ಕೆಲಸ. ತಿಂಗಳ ಹಿಂದೆ ಊಟಕ್ಕೆ ಕೂತಾಗ, “ಲಾಡ್ಜ್ ಯಾಕತ್ತೆ? ಇಡೀ ಮನೇನೇ ಬಾಡಿಗೆಗೆ ಸಿಗುತ್ತೆ. ಅಡುಗೆಮನೆ ಇರುತ್ತೆ, ನಿಮ್ಗೆ ಬೇಕಾದಾಗ ಬಿಸಿನೀರು ಕಾಯಿಸ್ಕೋಬಹುದು,” ಎಂದಿದ್ದಳು. ಅತ್ತೆಯ ಮುಖ ಅರಳಿತ್ತು. “ಇಷ್ಟು ವರ್ಷ ನಮ್ಗಿದು ಹೊಳೀಲೇ ಇಲ್ವಲ್ಲ,” ಎಂದಿದ್ದರು. ‘ನಮ್ಗೆ’ ಎಂದರೆ ಯಾರಿಗೆ ಎಂದು ದೊಡ್ಡವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಆ ದಿನದಿಂದ ಹೊಟ್ಟೆಯೊಳಗೆ ಕಿಚ್ಚು ಹತ್ತಿತ್ತು. ಒಂದೇ ಅಂಗಿಯ ತೋಳನ್ನು ಎರಡು ಸಲ ತಿರುಗುಮುರುಗಾಗಿ ಹೊಲಿದು ಬಿಚ್ಚಿದ್ದಳು.

ಅದಕ್ಕಿಂತ ಹೆಚ್ಚು ಉರಿಸಿದ್ದು ಚಿಕ್ಕವಳ ಒಳ್ಳೆಯತನ. ಬುಕ್ ಮಾಡುವ ಮೊದಲು ಫೋನು ಹಿಡಿದು ಹೊಲಿಗೆ ಯಂತ್ರದ ಪಕ್ಕಕ್ಕೇ ಬಂದಿದ್ದಳು. “ಅಕ್ಕಾ, ನೀವೊಂದ್ಸಲ ನೋಡಿ. ನೀವು ಹೂಂ ಅಂದ್ರೆ ಮಾತ್ರ ಮಾಡ್ತೀನಿ.”

ಎಂಟು ಫೋಟೋಗಳಿದ್ದವು. ಬೆಳಕು ತುಂಬಿದ ಹಜಾರ, ಒಲೆ, ಹೂವಿನ ಕುಂಡ. ಏಳನೆಯದರಲ್ಲಿ ಮಲಗುವ ಕೋಣೆ. ಅದರ ತೆರೆದ ಬಾಗಿಲಾಚೆ, ಒಂದು ಮೂಲೆಯಲ್ಲಿ, ಕಡಿದಾದ ಮೆಟ್ಟಿಲುಗಳು ಕೆಳಗಿಳಿದು ಗೋಡೆಯ ತಿರುವಿನಲ್ಲಿ ಮರೆಯಾಗಿದ್ದವು. ಎಣಿಸಿದಳು, ಆರು. ಹಿಡಿದುಕೊಳ್ಳಲು ಕಂಬಿಯಿಲ್ಲ. ಅತ್ತೆಗೆ ಮೆಟ್ಟಿಲು ಹತ್ತಲೇಬಾರದೆಂದು ಡಾಕ್ಟರು ಹೇಳಿ ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ.

ಹೇಳಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಮನೆಯಲ್ಲಿ ಚಿಕ್ಕವಳು ಪೆಚ್ಚಾಗಿ ನಿಲ್ಲುವುದು, ಅತ್ತೆ “ಇದಕ್ಕೇ ನಾನು ದೊಡ್ಡವಳನ್ನ ಕಳ್ಸೋದು” ಎನ್ನುವುದು ಕಣ್ಣಿಗೆ ಕಟ್ಟಿತು. ಅದು ಎಷ್ಟು ಹಿತವಾಗಿತ್ತೆಂದರೆ, ದಾರವನ್ನು ಹಲ್ಲಿನಲ್ಲಿ ಕಡಿದು, “ಹೂಂ, ಚೆನ್ನಾಗಿದೆ. ಮಾಡು,” ಎಂದುಬಿಟ್ಟಿದ್ದಳು.

ಈಗ ಆ ಗಳಿಗೆ ಬಂದೇಬಿಟ್ಟಿತ್ತು. ಮುಂದಾಗಿ ಒಳಗೆ ಓಡಿದ್ದ ಚಿಕ್ಕವಳು ಹಜಾರದ ತುದಿಯಲ್ಲಿ, ಮೆಟ್ಟಿಲ ಬುಡದಲ್ಲಿ ನಿಂತಿದ್ದಳು.

“ಮಲಗೋ ಕೋಣೆ ಮೇಲಿದೆ ಅತ್ತೆ. ಬಚ್ಚಲೂ ಅಲ್ಲೇ ಇರ್ಬೇಕು, ಕೆಳಗೆಲ್ಲೂ ಇಲ್ಲ.” ದನಿ ನಡುಗುತ್ತಿತ್ತು. “ಫೋಟೋದಲ್ಲಿ ಮೆಟ್ಲು ನಂಗೆ ಕಾಣ್ಲೇ ಇಲ್ಲ. ಅಡುಗೆಮನೆ ನೋಡಿ ಮರುಳಾಗ್ಬಿಟ್ಟೆ. ಅಕ್ಕಂಗೂ ತೋರ್ಸಿದ್ದೆ...”

ಊರವರಿಗೆಲ್ಲ ಕನ್ನಡಕ ಕೊಡುವವಳಿಗೆ ಇಷ್ಟು ಕಾಣಲಿಲ್ಲವೇ ಎಂದು ಕುಟುಕುವುದಕ್ಕೆ ದೊಡ್ಡವಳು ದಾರಿಯುದ್ದಕ್ಕೂ ಮಾತು ಜೋಡಿಸಿಟ್ಟುಕೊಂಡಿದ್ದಳು. ಮೊದಲು ಅತ್ತೆ ಬಾಯಿ ಬಿಡಲಿ ಎಂದು ಕಾದಳು. ಹೊರಗೆ ಅತ್ತೆಯ ಗಂಡುಮಕ್ಕಳಿಬ್ಬರೂ ಬೇರೆ ಲಾಡ್ಜುಗಳಿಗೆ ಫೋನು ಹಚ್ಚಿದ್ದರು. ರಜೆಯ ದಿನ, ಎಲ್ಲೂ ಕೋಣೆ ಖಾಲಿಯಿರಲಿಲ್ಲ.

ಅತ್ತೆ ಚಿಕ್ಕವಳ ಬೆನ್ನು ಸವರಿದರು. “ಅವಳ ಕಣ್ಣಿಗೇ ಬೀಳದ್ದು ನಿನ್ ಕಣ್ಣಿಗೆ ಹೇಗೆ ಬೀಳುತ್ತೆ? ಅಳ್ಬೇಡ. ನಾಲ್ಕು ದಿನ ತಾನೆ, ನಿಧಾನಕ್ಕೆ ಹತ್ತಿದ್ರಾಯ್ತು.” ಆಮೇಲೆ ದೊಡ್ಡವಳತ್ತ ಕೈ ಚಾಚಿದರು. “ಬಾರೇ, ಹೆಗಲು ಕೊಡು. ನೀನಿದ್ರೆ ನಂಗೆ ಭಯ ಇಲ್ಲ.”

ಒಂದೊಂದು ಮೆಟ್ಟಿಲಿಗೂ ಅತ್ತೆಯ ಭಾರವೆಲ್ಲ ಅವಳ ಹೆಗಲ ಮೇಲೆ ಬಿತ್ತು. ನೋವನ್ನು ನುಂಗಿದ ಉಸಿರು ಕಿವಿಯ ಹತ್ತಿರವೇ ಕೇಳುತ್ತಿತ್ತು. ಜೋಡಿಸಿಟ್ಟ ಮಾತುಗಳೊಂದೂ ಈಗ ಅವಳಿಗೆ ನೆನಪಿರಲಿಲ್ಲ.

ತಿರುವಿನಲ್ಲಿ ಅತ್ತೆ ನಿಂತರು. ಮುಂದಿನ ಮೆಟ್ಟಿಲುಗಳು ಗೋಡೆಯ ಮರೆಯಲ್ಲಿದ್ದವು. “ಇನ್ನೂ ಎಷ್ಟಿದ್ಯೋ ಏನೋ,” ಎಂದು ಬೆವರು ಒರೆಸಿಕೊಂಡರು.

ದೊಡ್ಡವಳು ಅವರ ಸೊಂಟ ಬಳಸಿ ಹಿಡಿದಳು. “ಇನ್ನು ಆರೇ ಆರು ಅತ್ತೆ,” ಎಂದಳು, ಧೈರ್ಯ ಹೇಳುವ ಭರದಲ್ಲಿ.

ಅತ್ತೆ ಅವಳ ಮುಖವನ್ನು ನೋಡಿದರು. ಹೆಗಲ ಮೇಲಿದ್ದ ಕೈಯನ್ನು ತೆಗೆದು ಗೋಡೆಗೆ ಊರಿ, ಒಬ್ಬರೇ ತಿರುವು ದಾಟಿದರು. “ಒಂದು,” ಎನ್ನುವುದು ಕೇಳಿಸಿತು. ತುಂಬ ಹೊತ್ತಿನ ಮೇಲೆ, “ಎರಡು.” ಆರಕ್ಕೆ ಎಣಿಕೆ ನಿಂತಿತು.

“ಚಿಕ್ಕೋಳೇ,” ಎಂದು ಮೇಲಿನಿಂದ ಕೂಗಿದರು. “ಬಂದು ಕೋಣೆ ನೋಡಮ್ಮ. ನೀನು ಹೂಂ ಅಂದ್ಮೇಲೆ ಚೀಲ ಇಳಿಸ್ಲಿ.”

ಚಿಕ್ಕವಳು ಕಣ್ಣೊರೆಸಿಕೊಂಡು ದಡದಡ ಹತ್ತಿ ಬಂದಳು. ದೊಡ್ಡವಳು ಗೋಡೆಗೆ ಸರಿದು ದಾರಿ ಬಿಟ್ಟಳು. ಸ್ವಲ್ಪ ಹೊತ್ತಿಗೆ ಮೇಲೆ ನಲ್ಲಿ ತಿರುಗಿಸಿದ ಸದ್ದಾಯಿತು.