ಒಣಗಿದ ಬಟ್ಟೆ ಒಣಗಿಸಿದವನು

ಹಿತ್ತಲ ಗಿಡ ಮದ್ದಲ್ಲ ಅನ್ನೋ ಮಾತು ಯಾರ ಪಾಲಿಗೆ ಸುಳ್ಳಾದರೂ ಹೋಲ್ಗರನ ಪಾಲಿಗೆ ಸುಳ್ಳಾಗಲಿಲ್ಲ. ಹನ್ನೊಂದು ವರ್ಷದಿಂದ ಬ್ಲಾಗು ಬರೆಯುತ್ತಿದ್ದ ಮಹಾನುಭಾವ. ಯಾವುದರ ಬಗ್ಗೆ ಅಂತೀರಿ? ಓರೆಬ್ರೂ ಪಟ್ಟಣದ ಬೆಂಚುಗಳ ಬಗ್ಗೆ! ನದಿ ದಂಡೆಯ ಬೆಂಚು, ಚರ್ಚಿನ ಹಿಂದಿನ ಬೆಂಚು, ಬಸ್ ನಿಲ್ದಾಣದ ಬೆಂಚು, ಹೀಗೆ ಒಂದೊಂದರ ಮೇಲೂ ಅರ್ಧ ಗಂಟೆ ಕೂತು, ಬೆನ್ನಿಗೆ ಆಸರೆ ಎಷ್ಟು, ಗಾಳಿ ಯಾವ ಕಡೆಯದು, ಎದುರಿಗೆ ಏನು ಕಾಣುತ್ತೆ ಅಂತ ನೋಡಿ ಅಂಕ ಕೊಡುತ್ತಿದ್ದ. ಭೂಗೋಳದ ಮೇಷ್ಟ್ರಾಗಿ ನಿವೃತ್ತನಾದವನು, ಅಂಕ ಕೊಡದೆ ಕೈ ಸುಮ್ಮನಿರುತ್ತಾ? ಇಲ್ಲಿಗೆ ಇನ್ನೂರ ಹದಿನಾಲ್ಕು ಬೆಂಚು ಮುಗಿದಿದ್ದವು. ಓದುಗರು ಒಂಬತ್ತು ಮಂದಿ. ಅದರಲ್ಲೊಬ್ಬ ನಗರಸಭೆಯ ಉದ್ಯಾನ ವಿಭಾಗದವನು. ದೂರು ಏನಾದರೂ ಇದೆಯಾ ಅಂತ ನೋಡೋಕೆ ಮಾತ್ರ ಓದುತ್ತಿದ್ದ, ಪಾಪ.

ಆ ಒಂಬತ್ತರಲ್ಲಿ ಹೆಂಡತಿ ಬೆರಿತ್ ಇರಲಿಲ್ಲ. ಅದೇ ಹೋಲ್ಗರನ ಹೊಟ್ಟೆಯೊಳಗಿನ ಬೇಗೆ. ಊರೆಲ್ಲ ಓದದಿದ್ದರೂ ಚಿಂತೆಯಿಲ್ಲ, ಇವಳೊಬ್ಬಳು ಓದಿ "ಚೆನ್ನಾಗಿದೆ ಕಣೋ" ಅಂದಿದ್ದರೆ ಸಾಕಿತ್ತು. ಅವಳೋ, ಕಿವಿಗೆ ಎರಡು ಗುಂಡಿ ಸಿಕ್ಕಿಸಿಕೊಂಡು, ಸ್ವೆಟರ್ ಹೆಣೆಯುತ್ತ, ಇಬ್ಬರು ಹುಡುಗಿಯರು ಕಿಸಿಕಿಸಿ ನಗುತ್ತ ಕೊಲೆ ಕಥೆ ಹೇಳುವ ಪಾಡ್‌ಕಾಸ್ಟ್ ಕೇಳುತ್ತ ಕೂರುತ್ತಿದ್ದಳು.

"ಕೊಲೆಗಾರನಿಗೆ ಕಿವಿ ಕೊಡ್ತೀಯ, ಕಟ್ಕೊಂಡ ಗಂಡನ ಬರಹಕ್ಕೆ ಕಣ್ಣು ಕೊಡಲ್ಲ," ಅಂದ ಒಂದು ದಿನ.

"ಕೊಲೆಗಾರ ಮುಕ್ಕಾಲು ಗಂಟೇಲಿ ಮುಗಿಸ್ತಾನೆ," ಅಂದಳು, ಹೆಣಿಗೆ ಎಣಿಸುತ್ತಲೇ.

ಆಗಲೇ ಇವನ ತಲೆಯಲ್ಲಿ ದೀಪ ಹತ್ತಿದ್ದು. ಕಣ್ಣಿನ ದಾರಿ ಮುಚ್ಚಿದ್ದರೆ ಕಿವಿಯ ದಾರಿಯಲ್ಲಿ ಹೋಗೋಣ! ಬ್ಲಾಗು ಇರಲಿ, ಜೊತೆಗೊಂದು ಪಾಡ್‌ಕಾಸ್ಟ್. ಅವಳು ಬೇಡ ಅಂದರೂ ಒಂದಲ್ಲ ಒಂದು ದಿನ ಕಿವಿಗೆ ಬಿದ್ದೇ ಬೀಳುತ್ತೆ ಅಂದುಕೊಂಡ. ಮೈಕ್ ತರಿಸಿದ. ಅದಕ್ಕೊಂದು ಕಬ್ಬಿಣದ ತೋಳು, ಮುಂದೊಂದು ಬಲೆ, ಮೇಲೊಂದು ತುಪ್ಪಳದ ಟೋಪಿ. ಮೂಗಿಗಿಂತ ಮೂಗುತಿ ಭಾರ ಆಯಿತು.

ಆದರೆ ಮನೆಯಲ್ಲಿ ಮಾತಾಡಿದರೆ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಸುತ್ತ ದಪ್ಪ ಬಟ್ಟೆ ತೂಗುಹಾಕಿ ಅಂತ ಬಲ್ಲವರು ಬರೆದಿದ್ದರು. ದಪ್ಪ ಬಟ್ಟೆ ತೂಗುಹಾಕೋಕೆ ಅಂತಲೇ ಕಟ್ಟಿದ ಕೋಣೆ ನೆಲಮಾಳಿಗೆಯಲ್ಲಿ ಇರುವಾಗ ಇನ್ನೇನು ಬೇಕು? ಬಟ್ಟೆ ಒಗೆಯುವ ಕೋಣೆ, ಅದರ ಪಕ್ಕದಲ್ಲೇ ಒಣಗಿಸುವ ಕೋಣೆ. ಕಟ್ಟಡದ ಇಪ್ಪತ್ತಾರು ಮನೆಗೂ ಅದೊಂದೇ. ಗೋಡೆಯ ಹಲಗೆಯಲ್ಲಿ ಬೇಕಾದ ದಿನದ ಬೇಕಾದ ಹೊತ್ತಿಗೆ ನಿಮ್ಮ ಮನೆಯ ಪುಟ್ಟ ಬೀಗ ಸಿಕ್ಕಿಸಿದರೆ ಮುಗಿಯಿತು, ಆ ಮೂರು ಗಂಟೆ ನಿಮ್ಮದು, ದೇವರು ಬಂದರೂ ಬಿಡಬೇಕಾಗಿಲ್ಲ. ಅಲ್ಲಿಯ ಜನ ದೇವರ ವಿಷಯದಲ್ಲಿ ಒಂದಿಷ್ಟು ಸಡಿಲ ಬಿಟ್ಟಾರು, ಆ ಹಲಗೆಯ ವಿಷಯದಲ್ಲಿ ಬಿಡುವುದಿಲ್ಲ.

ಹೋಲ್ಗರ್ ಮಂಗಳವಾರ ಒಂಬತ್ತಕ್ಕೆ ಬೀಗ ಸಿಕ್ಕಿಸಿದ. ಬೀರುವಿನಿಂದ ತೊಳೆದು ಮಡಿಸಿಟ್ಟ ಹಾಸು, ಹೊದಿಕೆ ಎಲ್ಲ ಎತ್ತಿಕೊಂಡು ಹೋಗಿ ಹಗ್ಗದ ತುಂಬ ಹರವಿದ. ಕೋಣೆಗೆಲ್ಲ ಬಿಸಿಗಾಳಿ ಊದುತ್ತ ಗುಂಯ್ ಅನ್ನುತ್ತಿದ್ದ ಒಣಗಿಸುವ ಯಂತ್ರವನ್ನು ಆರಿಸಿದ. ಹೊದಿಕೆಗಳ ನಡುವೆ ಸ್ಟೂಲು ಹಾಕಿಕೊಂಡು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ ಶುರುಮಾಡಿದ. ಆಹಾ, ಎಂಥ ದನಿ! ತನಗೆ ತಾನೇ ಮರುಳಾದ. ನಾಲ್ಕು ಮಂಗಳವಾರ ಹೀಗೇ ನಡೆಯಿತು. ಐದನೆಯ ಮಂಗಳವಾರ ಯಂತ್ರವನ್ನು ಮತ್ತೆ ಹಚ್ಚುವುದನ್ನೇ ಮರೆತು ಮೇಲೆ ಹೋದ.

ಅವನ ನಂತರದ ಹೊತ್ತು ಎರಡನೇ ಮಹಡಿಯ ಡಾಗ್ನಿಯದು. ಎಂಬತ್ತೊಂದರ ಮುದುಕಿ. ಸಂಜೆ ಹೋಗಿ ಮುಟ್ಟಿದರೆ ಹರವಿದ್ದ ಕಿಟಕಿ ಪರದೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು, ಯಂತ್ರ ಆರಿತ್ತು. ಬಿಟ್ಟಾಳೇ? ಮುಂದಿನ ಮಂಗಳವಾರ ಹೋಲ್ಗರ್ ನೀರು ಕುಡಿಯಲು ಮೇಲೆ ಹೋದಾಗ ಒಳನುಗ್ಗಿ ಅವನ ಹಾಸನ್ನು ಹಿಸುಕಿ ನೋಡಿದಳು. ಒಣಕಲು! ಮೂಸಿದಳು. ಬೀರುವಿನ ವಾಸನೆ! ಒಣಗಿದ ಬಟ್ಟೆಯನ್ನು ಒಣಗಿಸುವ ಮನುಷ್ಯನನ್ನು ಅವಳು ಈ ಜನ್ಮದಲ್ಲಿ ಕಂಡಿರಲಿಲ್ಲ. ಆಮೇಲೆ ಬಾಗಿಲ ಹೊರಗೆ ನಿಂತು ಕಿವಿಗೊಟ್ಟರೆ, ಹೊದಿಕೆಗಳ ಮರೆಯಲ್ಲಿ ಗಂಡಸಿನ ದನಿ, ಜೇನು ಸುರಿದ ಹಾಗೆ. ಡಾಗ್ನಿಗೆ ಎಲ್ಲ ಅರ್ಥವಾಗಿಹೋಯಿತು.

ಭಾನುವಾರ ಮಧ್ಯಾಹ್ನ ಕಟ್ಟಡದ ನಿವಾಸಿಗಳ ಸಂಘದ ಸಭೆ. ಕಾಫಿ, ದಾಲ್ಚಿನ್ನಿ ಬನ್ನು, ಮಡಿಸುವ ಕುರ್ಚಿಗಳು. ಅಧ್ಯಕ್ಷ ತೂರೆ ಮೇಜಿನ ಒಂದು ತುದಿಯಲ್ಲಿ. ಪಕ್ಕದಲ್ಲಿ ನಡಾವಳಿ ಬರೆಯುವ ಕಾರ್ಯದರ್ಶಿ. ಆ ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ಬೆರಿತ್.

"ಒಂದು ವಿಷಯ ಹೇಳ್ಬೇಕು," ಅಂತ ಡಾಗ್ನಿ ಎದ್ದಳು. "ಬೆರಿತ್, ನೀನು ಮನಸ್ಸಿಗೆ ಹಚ್ಕೋಬೇಡ ಕಣಮ್ಮ. ನಿನ್ನ ಗಂಡ ಮಂಗಳವಾರ ಮಂಗಳವಾರ ಕೆಳಗೆ ಬಟ್ಟೆ ಒಗೆಯಲ್ಲ."

"ಮತ್ತೆ?" ಅಂದ ತೂರೆ.

"ಒಣಗಿದ ಹಾಸು ಕಟ್ಕೊಂಡು ಒಳಗೆ ಯಾರ ಜೊತೆಗೋ ಸರಸದ ಮಾತಾಡ್ತಾನೆ."

ಸಭೆಯಲ್ಲಿ ಗುಸುಗುಸು ಎದ್ದಿತು. ಯಾರ ಜೊತೆ ಅನ್ನುವುದಕ್ಕಿಂತ ದೊಡ್ಡ ಗುಸುಗುಸು, ಒಗೆಯದೆ ಹೊತ್ತು ಹಿಡಿದಿಟ್ಟನಾ ಅನ್ನುವುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರೆ. ಇಲ್ಲಿ ಹೋದದ್ದು ಒಂದು ಪುಟ್ಟ ಬೀಗಕ್ಕೆ.

"ಅಯ್ಯೋ, ಯಾವ ಹೆಂಗಸೂ ಇಲ್ಲ! ಪಾಡ್‌ಕಾಸ್ಟ್ ಮಾಡ್ತಿದ್ದೆ!" ಹೋಲ್ಗರ್ ಬೆವತುಹೋದ.

"ಸಿಕ್ಕಿಬಿದ್ದವರೆಲ್ಲ ಹಾಗೇ ಅನ್ನೋದು," ಅಂದಳು ಡಾಗ್ನಿ.

"ಹಾಗಾದ್ರೆ ಕೇಳಿಸು," ಅಂದ ತೂರೆ. "ಸಾಕ್ಷಿ ಅಂತ ನಡಾವಳೀಲಿ ಬರೀಬೇಕಾಗುತ್ತೆ. ಬೆರಿತ್, ಬರ್ಕೋತೀಯಾ?"

"ಬರ್ಕೋತೀನಿ," ಅಂದಳು ಬೆರಿತ್. ಮುಖದಲ್ಲಿ ಏನೂ ಇಲ್ಲ.

ಹೋಲ್ಗರನ ಎದೆ ಡವಡವ ಹೊಡೆದುಕೊಂಡಿತು. ಹೆದರಿಕೆಯಿಂದಲ್ಲ, ಸಂತೋಷದಿಂದ! ಹನ್ನೊಂದು ವರ್ಷ ಕಾದದ್ದು ಈಗ ಆಗುತ್ತಿದೆ. ಕೇಳುವುದಷ್ಟೇ ಅಲ್ಲ, ಕೈಯಾರೆ ಬರೆದುಕೊಳ್ಳುತ್ತಾಳೆ! ಎಲ್ಲಕ್ಕಿಂತ ಒಳ್ಳೆಯ ಕಂತು ಆರಿಸಿ, ಫೋನನ್ನು ಬನ್ನಿನ ತಟ್ಟೆಗೆ ಒರಗಿಸಿಟ್ಟ.

"ಬೆಂಚು ನೂರ ಮೂರು," ಅಂದಿತು ಫೋನು. "ನದಿ ದಂಡೆ, ಲಿಂಡೆನ್ ಮರದ ಕೆಳಗೆ. ಎಂಬತ್ತೆಂಟರ ಅಕ್ಟೋಬರ್‌ನಲ್ಲಿ ನಾನೂ ಬೆರಿತೂ ಇಲ್ಲೇ ಕೂತಿದ್ದೆವು. ಚಳಿ. ನನ್ನ ಕೋಟು ಹೊದಿಸಿದೆ. ಹಿಮನದಿಗಳು ಹೇಗೆ ಕಣಿವೆ ಕೊರೀತವೆ ಅಂತ ಎರಡು ಗಂಟೆ ಹೇಳಿದೆ. ಅವಳು ಒಂದು ಮಾತೂ ಆಡದೆ ಕೇಳ್ತಾ ಕೂತಿದ್ದಳು. ಕೊನೇ ಬಸ್ಸು ಹೋಗಿದ್ದೂ ತಿಳೀಲಿಲ್ಲ. ಈ ಹುಡುಗಿಗೆ ನನ್ನ ಮಾತು ಇಷ್ಟ, ಇವಳೇ ನನ್ನವಳು ಅಂತ ಅವತ್ತು ನನಗೆ ಗೊತ್ತಾಯ್ತು. ಹತ್ತಕ್ಕೆ ಹತ್ತು ಅಂಕ."

ಡಾಗ್ನಿ ಮೂಗು ಒರೆಸಿಕೊಂಡಳು. "ಎಷ್ಟು ಚೆಂದ ಹೇಳ್ತೀಯೋ," ಅಂದಳು, ಪರದೆಯನ್ನೂ ಮರೆತು.

ಹೋಲ್ಗರ್ ಹೆಂಡತಿಯನ್ನೇ ನೋಡುತ್ತಿದ್ದ. ಬೆರಿತ್ ಬರೆದು ಮುಗಿಸಿ ಪೆನ್ನು ಕೆಳಗಿಟ್ಟಳು.

"ಒಂದು ತಿದ್ದುಪಡಿ," ಅಂದಳು. "ಅವತ್ತು ನಾನು ಕೇಳ್ತಾ ಕೂತಿರಲಿಲ್ಲ. ನಿನ್ನನ್ನ ಬಿಟ್ಟು ಹೋಗ್ತೀನಿ ಅಂತ ಹೇಳೋಕೆ ಬಂದಿದ್ದೆ."

ಯಾರೋ ಕಾಫಿ ಕಪ್ಪನ್ನು ಟಣ್ ಅಂತ ಇಟ್ಟರು.

"ನೀನು ಉಸಿರು ತಗೊಂಡ್ರೆ ಹೇಳೋಣ ಅಂತ ಕಾಯ್ತಾ ಇದ್ದೆ. ನೀನು ತಗೊಳ್ಳಲಿಲ್ಲ. ಬಸ್ಸು ಹೋಯ್ತು. ನಿಮ್ಮಮ್ಮ ಮಂಚ ಹಾಕಿ ಕೊಟ್ರು, ಬೆಳಗ್ಗೆ ಗಂಜಿ ಮಾಡಿ ಬಡಿಸಿದ್ರು. ಗಂಜಿ ತಿಂದು ಹೇಗೆ ಹೇಳೋದು?"

ತೂರೆ ಕೆಮ್ಮಿದ. "ಇದನ್ನ ನಡಾವಳೀಲಿ ಸೇರಿಸ್ಬೇಕಾ?"

"ಬೇಡ," ಅಂದಳು ಬೆರಿತ್. "ಹೋಲ್ಗರನಿಗೆ ಎರಡು ತಿಂಗಳು ಬೀಗ ಇಲ್ಲ ಅಂತ ಬರೀತೀನಿ. ಎಲ್ಲರಿಗೂ ಒಪ್ಪಿಗೇನಾ?"

ಎಲ್ಲರೂ ಕೈ ಎತ್ತಿದರು. ಇಂಗು ತಿಂದ ಮಂಗನಂತೆ ಕೂತಿದ್ದ ಹೋಲ್ಗರನೂ ಎತ್ತಿದ.

ಮೂರನೇ ಮಹಡಿಯ ಮನೆಗೆ ಇಬ್ಬರೂ ಮೆಟ್ಟಿಲು ಹತ್ತಿದರು. ಪ್ರತಿ ಮೆಟ್ಟಿಲ ಮೇಲೂ ಹೋಲ್ಗರನ ಬಾಯಿಗೆ ಒಂದು ಸಮಜಾಯಿಷಿ ಬಂತು, ಪ್ರತಿ ಮೆಟ್ಟಿಲ ಮೇಲೂ ನುಂಗಿದ. ನಾಚಿಕೆ ಆಗಿತ್ತು, ಅದಕ್ಕಿಂತ ಹೆಚ್ಚಾಗಿ ಭಯ ಆಗಿತ್ತು. ಮೂವತ್ತೈದು ವರ್ಷ ಸಂಸಾರ ಮಾಡಿದ ಮೇಲೆ, ಈ ಹೆಂಗಸು ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದಾಳೆ ಅಂತ ತನಗೆ ಒಂದಿಷ್ಟೂ ಗೊತ್ತಿಲ್ಲ ಅನ್ನುವ ಭಯ.

ಅಡುಗೆಮನೆಯಲ್ಲಿ ಬೆರಿತ್ ಕೋಟು ತೆಗೆದು ಕುರ್ಚಿಗೆ ಹಾಕಿದಳು.

"ಆಮೇಲೆ..." ಹೋಲ್ಗರ್ ಬಾಗಿಲಲ್ಲೇ ನಿಂತ. "ಆಮೇಲೆ ಯಾವತ್ತಾದ್ರೂ ಹೋಗ್ಬೇಕು ಅನ್ನಿಸಿತ್ತಾ?"

ಬೆರಿತ್ ತಿರುಗಿ ಅವನನ್ನು ನೋಡಿದಳು. ಗಂಡನ ಬಾಯಿಂದ ಪ್ರಶ್ನೆ ಬಂದದ್ದು ಅವಳಿಗೂ ಹೊಸದು.

"ಎಷ್ಟೋ ಸಲ," ಅಂದಳು. "ಹೇಳೋಣ ಅಂತ ಬಂದಾಗೆಲ್ಲ ನೀನು ಮಾತಾಡ್ತಾ ಇರ್ತಿದ್ದೆ."

ಹೋಲ್ಗರ್ ಬಾಯಿ ತೆರೆದ. ಹಾಗೇ ಮುಚ್ಚಿದ. ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತ. ಬೆರಿತ್ ಇನ್ನೊಂದು ಗಳಿಗೆ ಕಾದು ನೋಡಿದಳು. ಅವನು ಏನೂ ಅನ್ನುವುದಿಲ್ಲ ಅಂತ ಖಾತ್ರಿಯಾದ ಮೇಲೆ, ಮೊದಲನೆಯ ಸಲದಿಂದ ಹೇಳಲು ಶುರುಮಾಡಿದಳು.